ಗೋಪುರದ ಮೇಲಿನ ನೋಟ

ದೂರದ ಬೆಟ್ಟ ನುಣ್ಣಗೆ ಎಂಬುದು ಕನ್ನಡ ನಾಡಿನಲ್ಲಿ ಮಕ್ಕಳೂ ಬಲ್ಲ ಗಾದೆ. ದೂರದಲ್ಲಿ ನಿಂತವನಿಗೆ ಬೆಟ್ಟದ ಕಲ್ಲುಮುಳ್ಳುಗಳು ಕಾಣುವುದಿಲ್ಲ. ಆದುದರಿಂದ ಹತ್ತಿರ ಹೋಗಿ ನೋಡದೆ ಯಾವುದನ್ನೂ ಮೆಚ್ಚಿ ಮರುಳಾಗಬಾರದು ಎಂಬುದು ಅದರ ತಾತ್ಪರ್ಯ. ಬೆಟ್ಟದ ನೆತ್ತಿಯಲ್ಲಿ ನಿಂತು ಕೆಳಗಿನ ಊರನ್ನು ನೋಡುವವನಿಗೆ ಊರೂ ಅಷ್ಟೇ ನುಣ್ಣಗೆ ಕಾಣುವುದೆಂಬ ಮಾತನ್ನು ಮಾತ್ರ ಗಾದೆಯು ಹೇಳಿಲ್ಲ. ಗಾದೆಗಳನ್ನು ಕಟ್ಟಿದವರು ಬಹುಮಟ್ಟಿಗೆ ಕೆಳಗೆ ನಿಂತು ದುಡಿದವರು. ಮೇಲೆ ನಿಂತು ಸುಮ್ಮನೆ ನೋಡುವ ವಿರಾಮವು ಅವರಿಗೆ ಹೆಚ್ಚಾಗಿ ದೊರೆತಿರಲಾರದು. ಇಂದು ಆ ವಿರಾಮವು ಹಣ ತೆತ್ತರೆ ದೊರೆಯುವ ಪದಾರ್ಥವಾಗಿದೆ. ಆದುದರಿಂದ ಗಾದೆಯು ಬಿಟ್ಟ ಅರ್ಧವನ್ನು ವಿಚಾರಮಾಡುವುದು ಅಪ್ರಸ್ತುತವಾಗಲಾರದು.

ಜಗತ್ತಿನ ದೊಡ್ಡ ನಗರಗಳಲ್ಲಿ ಜನರು ಹತ್ತಿ ನೋಡುವ ಗೋಪುರವೊಂದು ಇಲ್ಲದ ನಗರವು ಈಗ ವಿರಳ. ಹೊಸ ಊರಿಗೆ ಬಂದ ಪ್ರವಾಸಿಯು ಮೊದಲನೆಯ ದಿನವೋ ಎರಡನೆಯ ದಿನವೋ ಅದನ್ನು ಹತ್ತಿಯೇ ತೀರುವನು. ಆ ಊರಿನಲ್ಲಿ ಅವನಿಗೆ ಒಬ್ಬರ ಪರಿಚಯವೂ ಇಲ್ಲ; ಅಲ್ಲಿಯ ಭಾಷೆಯ ನಾಲ್ಕು ಮಾತುಗಳೂ ಬಾರವು; ಆದರೂ ಇಡೀ ಊರನ್ನು ಒಂದೇ ನೋಟದಲ್ಲಿ ತುಂಬಿಕೊಳ್ಳಬೇಕೆಂಬ ಬಯಕೆ. ಇಳಿದು ಬಂದ ಮೇಲೆ ‘ಊರನ್ನೆಲ್ಲ ನೋಡಿಯಾಯಿತು’ ಎಂದು ಹೇಳಿಕೊಳ್ಳುವನು. ಈ ಮಾತು ನಿಜವೆ? ಎತ್ತರದಿಂದ ನೋಡಿದವನು ಊರನ್ನು ಕೆಳಗಿನವನಿಗಿಂತ ಹೆಚ್ಚಾಗಿ ಅರಿತನೆ, ಕಡಮೆಯಾಗಿ ಅರಿತನೆ? ಇದು ಕಣ್ಣಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯಾಗಿದ್ದರೆ ದುರ್ಬೀನು ಮಾಡುವವರೇ ಉತ್ತರ ಹೇಳಿಬಿಡುತ್ತಿದ್ದರು. ಇದರ ಹಿಂದೆ ಇನ್ನೊಂದು ಪ್ರಶ್ನೆಯು ನಿಂತಿದೆ. ಜನರ ನಡುವಿನಿಂದ ಮೇಲಕ್ಕೆ ಹೋಗಿ ಜನರನ್ನು ನೋಡುವವನು, ತಾನು ನೋಡಿದವರಿಗೆ ಏನಾದರೂ ಸಲ್ಲಿಸಬೇಕಾದುದು ಉಂಟೆ?

ಉದಾಹರಣೆಗೆ ಪ್ಯಾರಿಸ್ ನಗರದ ಐಫೆಲ್ ಗೋಪುರವನ್ನೇ ತೆಗೆದುಕೊಳ್ಳಬಹುದು. ಫ್ರಾನ್ಸಿನ ಮಹಾಕ್ರಾಂತಿಗೆ ನೂರು ವರ್ಷ ತುಂಬಿದ ೧೮೮೯ರಲ್ಲಿ ಆ ನಗರದಲ್ಲಿ ನಡೆದ ಲೋಕಪ್ರದರ್ಶನಕ್ಕಾಗಿ ಅದನ್ನು ಕಟ್ಟಲಾಯಿತು. ಅದರ ಮೊದಲ ಕಲ್ಪನೆ ಮೋರಿಸ್ ಕೆಕ್ಲೆನ್, ಎಮಿಲ್ ನುಗಿಯೆ ಎಂಬ ಇಬ್ಬರು ಇಂಜಿನಿಯರುಗಳದು. ಕಟ್ಟಿಸಿದವನು ಅವರ ಯಜಮಾನನಾದ ಗುಸ್ಟಾವ್ ಐಫೆಲ್. ೧೮೮೭ರ ಜನವರಿಯಲ್ಲಿ ಮೊದಲಾದ ಕೆಲಸವು ೧೮೮೯ರ ಮಾರ್ಚಿ ೩೧ರಂದು ಮುಗಿಯಿತು. ೧೮,೦೩೮ ಕಬ್ಬಿಣದ ತುಂಡುಗಳು, ಸುಮಾರು ೨೫ ಲಕ್ಷ ಮೊಳೆಗಳು ಸೇರಿ ಆದ ಆ ಕಟ್ಟಡವು ಆಗ ಧ್ವಜಸ್ತಂಭವೂ ಸೇರಿ ೩೧೨ ಮೀಟರು ಎತ್ತರವಿತ್ತು. ನೆತ್ತಿಯ ಮೇಲೆ ಪ್ರಸಾರದ ಕಂಬಗಳು ಬಂದು ಈಗ ೩೩೦ ಮೀಟರಾಗಿದೆ. ಪ್ರದರ್ಶನದ ಕಾಲದಲ್ಲಿಯೇ ಸುಮಾರು ೨೦ ಲಕ್ಷ ಜನರು ಅದನ್ನು ಕಂಡರು. ೨೦೨೩ರ ಒಂದೇ ವರ್ಷದಲ್ಲಿ ಏರಿದವರು ಸುಮಾರು ೬೩ ಲಕ್ಷ. ಮೂರು ಅಂತಸ್ತುಗಳಲ್ಲಿ ಎರಡನೆಯದರವರೆಗೆ ೬೭೪ ಮೆಟ್ಟಲುಗಳನ್ನು ಕಾಲಿನಿಂದಲೇ ಹತ್ತಬಹುದು. ಅಲ್ಲಿಂದ ಮೇಲಕ್ಕೆ, ನೆಲದಿಂದ ೨೭೬ ಮೀಟರು ಎತ್ತರದ ಕಟ್ಟಕಡೆಯ ಅಂತಸ್ತಿಗೆ, ಲಿಫ್ಟಿನಲ್ಲಿ ಹೋಗಬೇಕು.

ಅಲ್ಲಿಗೆ ತಲಪಿದವನ ಕಣ್ಣಿಗೆ ಬೀಳುವ ನೋಟವು ಸಾಮಾನ್ಯವಾದುದಲ್ಲ. ಸೇನ್ ನದಿಯು ಸೇತುವೆಗಳ ಕೆಳಗೆ ಬಾಗಿ ಬಳುಕಿ ಹೋಗುವುದು ಕಾಣುವುದು. ಒಂದು ಕಡೆ ಯೋಧರ ಆಶ್ರಯಮಂದಿರದ ಹೊಂಬಣ್ಣದ ಗುಮ್ಮಟ, ದೂರದಲ್ಲಿ ಮೋಂಮಾರ್ತ್ರ ದಿಣ್ಣೆಯ ಮೇಲಿನ ಬಿಳಿಯ ದೇವಾಲಯ, ಇನ್ನೊಂದು ಕಡೆ ನೆಪೋಲಿಯನ್ನನು ಆರಂಭಮಾಡಿಸಿದ ವಿಜಯತೋರಣ. ಆ ತೋರಣದ ಸುತ್ತ ಹನ್ನೆರಡು ಹೆದ್ದಾರಿಗಳು ನಕ್ಷತ್ರದ ಕಿರಣಗಳಂತೆ ಹೊರಟಿವೆ. ಆ ಚೌಕಕ್ಕೆ ನಕ್ಷತ್ರವೆಂದೇ ಹೆಸರು. ಆದರೆ ಅದರ ಅಂಚಿನಲ್ಲಿ ನಿಂತು ಗಾಡಿಗಳ ನುಗ್ಗಾಟದಲ್ಲಿ ದಾರಿಗಾಗಿ ಕಾಯುತ್ತಿರುವವನಿಗೆ ನಕ್ಷತ್ರವು ಕಾಣುವುದಿಲ್ಲ, ಗಾಲಿಗಳು ಕಾಣುವುವು. ಬದುಕೆಲ್ಲ ಆ ಬೀದಿಯಲ್ಲಿ ಕಳೆದವನಿಗೂ ತನ್ನ ಬೀದಿಯು ಒಂದು ಕಿರಣವೆಂಬುದು ಎತ್ತರಕ್ಕೆ ಹೋಗದೆ ಪ್ರತ್ಯಕ್ಷವಾಗದು.

ಇದು ಎತ್ತರವು ಕೊಡುವ ಮೊದಲನೆಯ ವರ. ಬಿಡಿಬಿಡಿಯಾಗಿದ್ದುದು ಒಂದಾಗಿ ಕಾಣುವುದು. ಯಾವುದು ಯಾವುದರ ಪಕ್ಕದಲ್ಲಿದೆ, ನೀರು ಯಾವ ಕಡೆಗೆ ಹರಿಯುವುದು, ಬಡವರ ಕೇರಿಯು ಎಲ್ಲಿ ಮೊದಲಾಗುವುದು ಎಂಬ ಸಂಬಂಧಗಳು ತಿಳಿಯುವುವು. ಎರಡನೆಯ ವರವು ಮನಸ್ಸಿಗೆ ಸೇರಿದುದು. ಬೆಳಗ್ಗೆ ಬಾಡಿಗೆಯವನೊಡನೆ ಆದ ಜಗಳ, ಕಳೆದುಹೋದ ಚೀಲ, ಊರಿನಿಂದ ಬಂದ ಕಹಿಯಾದ ಪತ್ರ ಇವೆಲ್ಲವೂ ಆ ಗಾಳಿಯಲ್ಲಿ ಸ್ವಲ್ಪ ಹೊತ್ತು ಹಗುರವಾಗುವುವು. ತನ್ನ ತೊಂದರೆಯು ಲಕ್ಷಾಂತರ ಮಾಡುಗಳಲ್ಲಿ ಒಂದು ಮಾಡಿನ ಕೆಳಗಿನದೆಂದು ಕಂಡವನಿಗೆ ಕೊಂಚ ಸಮಾಧಾನವಾದರೆ ಅದು ಹುಸಿಯಾದ ಸಮಾಧಾನವಲ್ಲ. ಆದುದರಿಂದ ಗೋಪುರ ಹತ್ತುವ ಪ್ರವಾಸಿಯನ್ನು ಸೋಮಾರಿಯೆಂದು ಹಳಿಯುವುದು ಅನ್ಯಾಯ.

ಆದರೆ ಈ ವರಗಳ ಜೊತೆಯಲ್ಲಿಯೇ ಒಂದು ನಷ್ಟವೂ ಬರುವುದು. ಆ ಎತ್ತರದಿಂದ ಬೀದಿಯು ಕಾಣುವುದು, ಮುಖವು ಕಾಣುವುದಿಲ್ಲ. ಮನುಷ್ಯನು ಚುಕ್ಕೆಯಾಗುವನು. ಚುಕ್ಕೆಯು ನಡೆಯುವುದು, ನಿಲ್ಲುವುದು, ಮತ್ತೊಂದು ಚುಕ್ಕೆಯನ್ನು ಸೇರುವುದು. ಅದು ನಗುತ್ತಿದೆಯೋ ಅಳುತ್ತಿದೆಯೋ ತಿಳಿಯದು. ಗೋಪುರದ ಕಟಕಟೆಯ ಬಳಿ ಬಗೆಬಗೆಯ ಭಾಷೆಗಳಲ್ಲಿ ಕೇಳಿಬರುವ ಉದ್ಗಾರವು ಬಹುಮಟ್ಟಿಗೆ ಒಂದೇ: ‘ಜನರು ಇರುವೆಗಳಂತೆ ಕಾಣುವರು!’ ಈ ಮಾತಿನಲ್ಲಿ ಕೆಟ್ಟ ಉದ್ದೇಶವಿಲ್ಲ. ಮಗುವೂ ಅದನ್ನು ಹೇಳುವುದು. ಆದರೆ ಕಣ್ಣಿಗೆ ಚಿಕ್ಕದಾದುದು ಬೆಲೆಯಲ್ಲಿಯೂ ಚಿಕ್ಕದೆಂದು ಮನಸ್ಸು ಬಗೆಯುವುದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ. ಕಣ್ಣಿನ ತಪ್ಪನ್ನು ಇಳಿದ ಕೂಡಲೆ ತಿದ್ದಿಕೊಳ್ಳಬಹುದು. ಮನಸ್ಸಿನ ತಪ್ಪು ಇಳಿದ ಮೇಲೂ ಉಳಿಯಬಲ್ಲುದು.

ಇದು ಕೇವಲ ಊಹೆಯ ಭಯವಲ್ಲ. ಪ್ರವಾಸಿಯು ಮೆಚ್ಚಿ ನೋಡುವ ಆ ನೇರವಾದ ಬೀದಿಗಳ ಕಥೆಯನ್ನೇ ವಿಚಾರಿಸಬಹುದು. ೧೮೫೩ರಿಂದ ೧೮೭೦ರವರೆಗೆ ಮೂರನೆಯ ನೆಪೋಲಿಯನ್ನನ ಅಧಿಕಾರಿಯಾಗಿ ಪ್ಯಾರಿಸನ್ನು ಹೊಸದಾಗಿ ರಚಿಸಿದವನು ಓಸ್‌ಮಾನ್ ಎಂಬವನು. ನಗರದ ಸರಿಯಾದ ನಕ್ಷೆಯನ್ನು ತೆಗೆಯುವುದಕ್ಕಾಗಿ ಆತನು ಮನೆಗಳಿಗಿಂತ ಎತ್ತರವಾದ ಮರದ ಅಟ್ಟಣೆಗಳನ್ನು ಊರಿನಲ್ಲೆಲ್ಲ ನಿಲ್ಲಿಸಿ, ಭೂಮಾಪಕರನ್ನು ಅವುಗಳ ಮೇಲೇರಿಸಿ ಅಳೆಯಿಸಿದನು. ಐಫೆಲ್ ಗೋಪುರಕ್ಕೆ ಮೂವತ್ತು ವರ್ಷಗಳಿಗೂ ಮೊದಲೇ ಆ ನಗರವನ್ನು ಗೋಪುರಗಳ ಮೇಲಿನಿಂದ ನೋಡಿಯಾಗಿತ್ತು. ಆ ನೋಟದಿಂದ ಒಳ್ಳೆಯದೂ ಆಯಿತು. ಶುದ್ಧವಾದ ನೀರು, ನೆಲದಡಿಯ ಚರಂಡಿಗಳು, ಉದ್ಯಾನಗಳು ಬಂದುವು. ಆದರೆ ನಕ್ಷೆಯ ಮೇಲೆ ಎಳೆದ ಒಂದೊಂದು ನೇರವಾದ ಗೆರೆಯ ಕೆಳಗೂ ಮನೆಗಳಿದ್ದುವು, ಮನೆಗಳಲ್ಲಿ ಜನರಿದ್ದರು. ನದಿಯ ನಡುವಣ ದ್ವೀಪದಲ್ಲಿ ಒತ್ತಾಗಿದ್ದ ಹಳೆಯ ಕೇರಿಗಳು ಬಹುಮಟ್ಟಿಗೆ ನೆಲಸಮವಾದುವು. ಬಾಡಿಗೆ ತೆರಲಾರದ ಬಡವರು ಬೆಲ್‌ವಿಲ್ ಮೊದಲಾದ ಹೊರಗೇರಿಗಳಿಗೆ ಸರಿದರು. ಅಟ್ಟಣೆಯ ಮೇಲಿದ್ದ ಭೂಮಾಪಕನು ಕ್ರೂರನಾಗಿದ್ದನೆಂದು ಹೇಳಲು ಆಧಾರವಿಲ್ಲ. ಅವನ ಕಣ್ಣಿಗೆ ಮಾಡುಗಳು ಬಿದ್ದುವು, ಒಲೆಗಳು ಬೀಳಲಿಲ್ಲ, ಅಷ್ಟೆ. ಇಂದಿನ ಪ್ರವಾಸಿಗಾದರೂ ಬೀದಿಯ ಅಂದವು ಕಾಣುವುದು. ಬೀದಿಗಾಗಿ ಎದ್ದುಹೋದವರು ಕಾಣುವುದಿಲ್ಲ.

ಎತ್ತರದಿಂದ ಕಾಣದುದು ಇನ್ನೊಂದಿದೆ. ಕಟ್ಟುವ ಕಾಲದಲ್ಲಿ, ೧೮೮೭ರ ಫೆಬ್ರವರಿಯಲ್ಲಿ, ಫ್ರಾನ್ಸಿನ ಹೆಸರಾಂತ ಸಾಹಿತಿಗಳೂ ಕಲಾವಿದರೂ ಗೋಪುರದ ವಿರುದ್ಧ ಪತ್ರಿಕೆಯಲ್ಲಿ ಪ್ರತಿಭಟನೆಯನ್ನು ಪ್ರಕಟಿಸಿದರು. ಸಹಿ ಹಾಕಿದವರಲ್ಲಿ ಕಥೆಗಾರ ಮೊಪಾಸಾನನೂ ಒಬ್ಬನು. ಗೋಪುರವು ಎದ್ದು ನಿಂತ ಮೇಲೆ ಆತನು ಅದರ ಮೇಲಣ ಭೋಜನಶಾಲೆಗೇ ಮತ್ತೆ ಮತ್ತೆ ಊಟಕ್ಕೆ ಹೋಗುತ್ತಿದ್ದನೆಂದೂ, ಕಾರಣ ಕೇಳಿದವರಿಗೆ ಪ್ಯಾರಿಸ್ಸಿನಲ್ಲಿ ಗೋಪುರವು ಕಾಣದಿರುವ ಸ್ಥಳವು ಅದೊಂದೇ ಎಂದನೆಂದೂ ಒಂದು ಕಥೆಯು ಪ್ರಚಾರದಲ್ಲಿದೆ. ಕಥೆಯು ನಡೆದುದೋ ಕಟ್ಟಿದುದೋ, ಅದರಲ್ಲಿರುವ ವಿಚಾರವು ಮಾತ್ರ ನಗುವಿಗಿಂತ ದೊಡ್ಡದು. ಮೇಲೆ ನಿಂತವನಿಗೆ ಎಲ್ಲವೂ ಕಾಣುವುದು. ತಾನು ನಿಂತಿರುವ ಎತ್ತರವೊಂದು ಕಾಣುವುದಿಲ್ಲ. ಅದು ಯಾರ ಹೆಗಲಿನಿಂದ ಎದ್ದಿತು, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದು ಅವನ ಪಾದದ ಕೆಳಗೆ ಮರೆಯಾಗಿರುವುದು.

ಬೆಲೆ ತೆತ್ತವರು ಇದ್ದರು. ೧೮೮೮ರ ಸೆಪ್ಟೆಂಬರಿನಲ್ಲಿ ಗೋಪುರದ ಕೆಲಸಗಾರರು ಕೆಲಸವನ್ನು ನಿಲ್ಲಿಸಿದರು. ಕಟ್ಟಡವು ಮೇಲಕ್ಕೆ ಹೋದಂತೆ ಅಪಾಯವೂ ಏರುತ್ತದೆ, ಗಾಳಿಯೂ ಚಳಿಯೂ ಏರುತ್ತವೆ, ಆದುದರಿಂದ ಕೂಲಿಯೂ ಏರಬೇಕೆಂಬುದು ಅವರ ಬೇಡಿಕೆ. ಐಫೆಲ್ಲನ ವಾದವು ಬೇರೆ: ನಲವತ್ತು ಮೀಟರಿನಿಂದ ಬಿದ್ದರೂ ಮುನ್ನೂರು ಮೀಟರಿನಿಂದ ಬಿದ್ದರೂ ಸಾವು ಒಂದೇ, ಆದುದರಿಂದ ಎತ್ತರವು ಹೆಚ್ಚಿದರೆ ಅಪಾಯವು ಹೆಚ್ಚುವುದಿಲ್ಲ. ತರ್ಕವು ನಿರ್ದುಷ್ಟವಾಗಿ ಕಾಣುವುದು. ಆದರೂ ಹಿಮದ ಗಾಳಿಯಲ್ಲಿ ಹಲಗೆಯ ಮೇಲೆ ನಿಂತು ಕೆಂಪಗೆ ಕಾದ ಮೊಳೆಯನ್ನು ಬಡಿಯುತ್ತಿದ್ದವನಿಗೆ ಅದು ಒಪ್ಪಿಗೆಯಾಗದಿದ್ದುದು ಆಶ್ಚರ್ಯವಲ್ಲ. ಅವನು ಬೀಳುವುದನ್ನು ಮಾತ್ರ ಲೆಕ್ಕಹಾಕುತ್ತಿರಲಿಲ್ಲ, ಬೀಳದೆ ನಿಲ್ಲುವುದನ್ನೂ ಲೆಕ್ಕಹಾಕುತ್ತಿದ್ದನು. ಕೊನೆಗೆ ಕೂಲಿಯು ಒಂದಿಷ್ಟು ಏರಿತು, ಕೆಲಸವು ಸಾಗಿತು. ಐಫೆಲ್ಲನು ಕೆಲಸಗಾರರ ರಕ್ಷಣೆಗಾಗಿ ಕಟಕಟೆಗಳನ್ನೂ ತೆರೆಗಳನ್ನೂ ಕಟ್ಟಿಸಿದ್ದನೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಇಂದು ಪ್ರವಾಸಿಯು ಕೈಯೂರಿ ನಿಲ್ಲುವ ಕಂಬಿಯೊಂದೊಂದರಲ್ಲಿಯೂ ಆ ವಿವಾದವು ಹುದುಗಿದೆ.

ಗೋಪುರದ ಮೊದಲನೆಯ ಅಂತಸ್ತಿನ ಕೆಳಗೆ, ಹೊರಮೈಯಲ್ಲಿ ಸುತ್ತಲೂ, ೭೨ ಮಂದಿ ವಿಜ್ಞಾನಿಗಳ, ಇಂಜಿನಿಯರುಗಳ ಹೆಸರುಗಳನ್ನು ದೊಡ್ಡ ಅಕ್ಷರಗಳಲ್ಲಿ ಐಫೆಲ್ಲನು ಬರೆಯಿಸಿದನು. ಅವರ ಗಣಿತವೂ ಶಾಸ್ತ್ರವೂ ಇಲ್ಲದಿದ್ದರೆ ಇಂಥ ಕಟ್ಟಡವು ನಿಲ್ಲುತ್ತಿರಲಿಲ್ಲವೆಂಬ ಕೃತಜ್ಞತೆಯ ಗುರುತು ಅದು. ಕಟ್ಟಿದ ಕಾಲದ ಆ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಬಾಗುವ ಫಲಕಗಳ ಶಾಸ್ತ್ರದಲ್ಲಿ ಶ್ರಮಿಸಿ ೧೮೧೬ರಲ್ಲಿ ಪ್ಯಾರಿಸ್ಸಿನ ವಿದ್ವತ್ಸಭೆಯ ಬಹುಮಾನವನ್ನು ಪಡೆದ ಸೋಫಿ ಜೆರ್ಮೇನಳ ಹೆಸರನ್ನು ಬಿಟ್ಟುದು ಅನೇಕರ ಆಕ್ಷೇಪಕ್ಕೆ ಗುರಿಯಾಗಿದೆ. ಮೊಳೆ ಬಡಿದವರ ಹೆಸರುಗಳಂತೂ ಆ ಸಾಲಿನಲ್ಲಿ ಇಲ್ಲವೇ ಇಲ್ಲ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಈ ೭೨ ಹೆಸರುಗಳನ್ನು ಓದಬೇಕಾದರೆ ನೆಲದ ಮೇಲೆ ನಿಂತು ತಲೆಯೆತ್ತಿ ನೋಡಬೇಕು. ನೆತ್ತಿಯಲ್ಲಿ ನಿಂತವನಿಗೆ ಅವು ಕಾಣುವುದಿಲ್ಲ. ಯಾರ ದೆಸೆಯಿಂದ ಎತ್ತರವು ದೊರೆಯಿತೆಂಬುದನ್ನು ಅರಿಯಲು ಎತ್ತರದಿಂದ ಇಳಿಯಲೇಬೇಕು.

ಹಾಗಾದರೆ ಎತ್ತರಕ್ಕೆ ಹೋಗುವುದೇ ದೋಷವೋ ಎಂದು ಕೇಳಬಹುದು. ಅದಕ್ಕೆ ಉತ್ತರವು ಹತ್ತಿದವನು ಯಾರು, ಏತಕ್ಕಾಗಿ ಹತ್ತಿದನು ಎಂಬುದನ್ನು ಅವಲಂಬಿಸಿದೆ. ಹಿಂದಿನಿಂದಲೂ ಗೋಪುರವನ್ನು ಹತ್ತಿದವರಲ್ಲಿ ಎರಡು ಬಗೆಯವರು ಮುಖ್ಯರು. ಒಬ್ಬನು ಗೆದ್ದವನು, ಇನ್ನೊಬ್ಬನು ಕಾಯುವವನು. ಗೆದ್ದವನಿಗೆ ಕೆಳಗೆ ಕಾಣುವುದೆಲ್ಲವೂ ತನ್ನ ಸೊತ್ತು. ೧೯೪೦ರ ಜೂನಿನಲ್ಲಿ ಜರ್ಮನ್ ಸೈನ್ಯವು ಪ್ಯಾರಿಸನ್ನು ಹೊಕ್ಕಾಗ ಐಫೆಲ್ ಗೋಪುರದ ಲಿಫ್ಟುಗಳು ನಡೆಯದಂತೆ ಫ್ರೆಂಚರು ಅವುಗಳ ಹಗ್ಗಗಳನ್ನು ಕತ್ತರಿಸಿದ್ದರು. ಸೈನಿಕರು ಮೆಟ್ಟಲುಗಳನ್ನು ಹತ್ತಿ ತಮ್ಮ ಬಾವುಟವನ್ನು ನೆಟ್ಟರು. ಆ ತಿಂಗಳಲ್ಲಿಯೇ ನಗರಕ್ಕೆ ಬಂದ ಹಿಟ್ಲರನು ಗೋಪುರವನ್ನು ಎದುರಿನಿಂದ ನೋಡಿ, ಹತ್ತದೆಯೇ ಹಿಂದಿರುಗಿದನು. ನಾಲ್ಕು ವರ್ಷಗಳ ಮೇಲೆ, ೧೯೪೪ರ ಆಗಸ್ಟ್ ೨೫ರಂದು, ನಗರವು ಬಿಡುಗಡೆಯಾಗುತ್ತಿದ್ದಾಗ, ಪ್ಯಾರಿಸ್ಸಿನ ಬೆಂಕಿ ಆರಿಸುವ ದಳದವರು ಅವೇ ಮೆಟ್ಟಲುಗಳನ್ನು ಹತ್ತಿ ಸ್ವದೇಶದ ಧ್ವಜವನ್ನು ಏರಿಸಿದರು. ಮೆಟ್ಟಲೂ ಒಂದೇ, ನೋಟವೂ ಒಂದೇ. ಒಬ್ಬರ ಕಣ್ಣಿಗೆ ಕೆಳಗೆ ಇದ್ದುದು ಗೆದ್ದ ಊರು; ಇನ್ನೊಬ್ಬರ ಕಣ್ಣಿಗೆ ತಾವು ಬೆಂಕಿಯಿಂದ ಕಾಯುತ್ತಿದ್ದ ಊರು.

ಕಾಯುವವನ ಎತ್ತರವೇ ಎತ್ತರಗಳಲ್ಲಿ ಹಳೆಯದು. ಇಸ್ತಾಂಬುಲ್ ನಗರದಲ್ಲಿ ಜಿನೋವದ ವರ್ತಕರು ೧೩೪೮ರಲ್ಲಿ ಕಟ್ಟಿದ ಗಲಾಟಾ ಗೋಪುರವನ್ನು ತುರ್ಕರ ಕಾಲದಲ್ಲಿ ಬೆಂಕಿಯ ಕಾವಲಿಗಾಗಿ ಉಪಯೋಗಿಸುತ್ತಿದ್ದರು. ಮರದ ಮನೆಗಳ ಆ ಊರಿನಲ್ಲಿ ಎಲ್ಲಿಯಾದರೂ ಹೊಗೆಯೆದ್ದರೆ ಮೇಲಿದ್ದವನು ಕೆಳಗಿನವರಿಗೆ ಸಾರುತ್ತಿದ್ದನು. ೧೭೯೪ರಲ್ಲಿಯೂ ೧೮೩೧ರಲ್ಲಿಯೂ ಆ ಗೋಪುರವೇ ಬೆಂಕಿಗೆ ತುತ್ತಾಯಿತೆಂಬುದು ಕಾವಲಿನ ಕೆಲಸವು ಎಷ್ಟು ಕಠಿನವಾದುದೆಂಬುದಕ್ಕೆ ಸಾಕ್ಷಿ. ಸ್ವಿಟ್ಜರ್ಲೆಂಡಿನ ಲೋಜಾನ್ ನಗರದಲ್ಲಿ ೧೪೦೫ರಿಂದ ಮಹಾದೇವಾಲಯದ ಗೋಪುರದಲ್ಲಿ ರಾತ್ರಿಯ ಕಾವಲಿದೆ. ಇಂದಿಗೂ ರಾತ್ರಿ ಹತ್ತರಿಂದ ಎರಡು ಗಂಟೆಯವರೆಗೆ ಗಂಟೆಗೊಮ್ಮೆ ನಾಲ್ಕು ದಿಕ್ಕಿಗೂ ತಿರುಗಿ ಕಾವಲುಗಾರನು ಹೊತ್ತನ್ನು ಕೂಗುವನು. ಕನ್ನಡ ನಾಡಿನಲ್ಲಿಯೂ ಬಿಜಾಪುರವೆಂದು ಹೆಸರಾಗಿದ್ದ ವಿಜಯಪುರದಲ್ಲಿ, ಆದಿಲಶಾಹಿಯ ಕಾಲದಲ್ಲಿ, ಸುಮಾರು ೧೫೮೪ರಲ್ಲಿ ಹೈದರಖಾನನು ಕಟ್ಟಿಸಿದ ಉಪ್ಪಲಿ ಬುರುಜು ಇದೆ. ಸುಮಾರು ೮೦ ಅಡಿ ಎತ್ತರದ ಆ ಬುರುಜಿನ ಹೊರಮೈಯನ್ನು ಬಳಸಿ ಹೋಗುವ ಮೆಟ್ಟಲುಗಳನ್ನು ಹತ್ತಿ ಅಂದು ಕಾವಲಿನವರು ಬಯಲಿನ ಮೇಲೆ ಶತ್ರುವಿನ ಧೂಳೇಳುವುದನ್ನು ನೋಡುತ್ತಿದ್ದರು. ಇಂದು ಪ್ರವಾಸಿಗಳು ಹತ್ತಿ ಗೋಳಗುಮ್ಮಟವನ್ನು ನೋಡುವರು.

ಕಾವಲುಗಾರನಿಗೂ ಕೆಳಗಿನ ಜನರು ಚುಕ್ಕೆಗಳಾಗಿಯೇ ಕಾಣುತ್ತಿದ್ದರು. ಅವನ ಕಣ್ಣೇನೂ ಬೇರೆಯಲ್ಲ. ಆದರೆ ಆ ಚುಕ್ಕೆಗಳಲ್ಲಿ ಅವನ ಹೆಂಡತಿ ಮಕ್ಕಳಿದ್ದರು, ಸಾಲ ಕೊಟ್ಟವನಿದ್ದನು, ಬೈದವನಿದ್ದನು. ಹೊಗೆ ಕಂಡರೆ ಅದು ಯಾರದೋ ಮಾಡಿನ ಹೊಗೆಯೆಂದು ಅವನಿಗೆ ಗೊತ್ತಿತ್ತು. ಅವನ ಎತ್ತರವು ಕೆಳಗಿನವರು ಕೊಟ್ಟ ಎತ್ತರ; ಅವರ ಪರವಾಗಿ ಅವನು ನೋಡುತ್ತಿದ್ದನು. ಐಫೆಲ್ ಗೋಪುರವು ಉಳಿದುದಾದರೂ ಇಂಥದೇ ಕೆಲಸದಿಂದ. ಅದಕ್ಕೆ ದೊರೆತಿದ್ದ ಅನುಮತಿಯು ಇಪ್ಪತ್ತು ವರ್ಷದ್ದು. ೧೯೦೯ಕ್ಕೆ ಅವಧಿಯು ಮುಗಿದು ಗೋಪುರವನ್ನು ಕಳಚುವ ಮಾತು ಬರಬಹುದಾಗಿತ್ತು. ಐಫೆಲ್ಲನು ನೆತ್ತಿಯಲ್ಲಿ ಹವೆಯನ್ನು ಪರೀಕ್ಷಿಸುವ ಯಂತ್ರಗಳನ್ನು ಇರಿಸಿದನು. ೧೯೦೩ರಿಂದ ಸೈನ್ಯದವರ ನಿಸ್ತಂತು ಪ್ರಯೋಗಗಳಿಗೆ ಅವಕಾಶವನ್ನೂ ಧನವನ್ನೂ ಕೊಟ್ಟನು. ದೂರದ ಸುದ್ದಿಯನ್ನು ಕೇಳಬಲ್ಲ ಗೋಪುರವನ್ನು ಕಳಚಲು ಸರಕಾರಕ್ಕೆ ಮನಸ್ಸಾಗಲಿಲ್ಲ. ೧೯೧೪ರ ಯುದ್ಧದಲ್ಲಿ ಶತ್ರುಗಳ ಸಂದೇಶಗಳನ್ನು ಅದು ಹಿಡಿದುಕೊಟ್ಟಿತು. ನೋಡುವ ಗೋಪುರವೆಂದು ಹುಟ್ಟಿದುದು ಕೇಳುವ ಗೋಪುರವಾದುದರಿಂದ ಉಳಿಯಿತು.

ಪ್ರವಾಸಿಯು ಗೆದ್ದವನೂ ಅಲ್ಲ, ಕಾಯುವವನೂ ಅಲ್ಲ. ಊರು ಅವನ ಸೊತ್ತಲ್ಲ. ಊರಿನ ಹೊಣೆಯೂ ಅವನದಲ್ಲ. ಒಂದು ಗಂಟೆಯ ಮಟ್ಟಿಗೆ ಯಾರಿಗೂ ನೆರೆಯವನಲ್ಲದೆ ಇರುವ ಸ್ವಾತಂತ್ರ್ಯವನ್ನು ಅವನು ಟಿಕೀಟಿನೊಡನೆ ಕೊಂಡಿರುವನು. ಅಲ್ಪ ಹಣ ಕೊಟ್ಟು ನೋಟದ ಸುಖವನ್ನು ಪಡೆಯಬಂದವನ ಮೇಲೆ ಧರ್ಮದ ಭಾರವನ್ನು ಹೊರಿಸುವುದೇಕೆ ಎಂದು ಯಾರಾದರೂ ಕೇಳಿದರೆ ಆ ಕೇಳಿಕೆಯಲ್ಲಿ ಹುರುಳಿಲ್ಲದೆ ಇಲ್ಲ. ಹೂವನ್ನು ನೋಡಿ ಸಂತೋಷಪಡುವವನನ್ನು ತೋಟಕ್ಕೆ ನೀರೆರೆಯೆಂದು ಯಾರೂ ನಿರ್ಬಂಧಿಸುವುದಿಲ್ಲ. ಹಾಗೆಯೇ ಗೋಪುರ ಹತ್ತಿದವರೆಲ್ಲರೂ ನಗರದ ಕಾವಲಿಗೆ ನಿಲ್ಲಬೇಕೆನ್ನುವುದು ವಿವೇಕವಲ್ಲ.

ಆದರೆ ಪ್ರವಾಸಿಯ ಮನಸ್ಸು ಆ ಸ್ವಾತಂತ್ರ್ಯದಲ್ಲಿ ಪೂರ್ತಿಯಾಗಿ ನೆಲೆಗೊಳ್ಳುವುದಿಲ್ಲವೆಂಬುದನ್ನು ಅವನ ನಡವಳಿಕೆಯೇ ತೋರಿಸುವುದು. ಮೊದಲ ಬೆರಗು ಇಳಿದ ಕೂಡಲೆ ಅವನು ಮಾಡುವ ಕೆಲಸವೇನು? ತಾನು ಇಳಿದುಕೊಂಡಿರುವ ವಸತಿಗೃಹವು ಎಲ್ಲಿದೆಯೆಂದು ಹುಡುಕುವನು. ನೆತ್ತಿಯ ಅಂತಸ್ತಿನಲ್ಲಿ ಲೋಕದ ನಗರಗಳ ಹೆಸರನ್ನೂ ದಿಕ್ಕನ್ನೂ ದೂರವನ್ನೂ ಬರೆದ ಫಲಕಗಳಿವೆ. ಅಲ್ಲಿ ಅವನು ತನ್ನ ದೇಶದ ಕಡೆಗೆ ತಿರುಗಿ, ಏನೂ ಕಾಣದ ಮಬ್ಬಿನತ್ತ ಕ್ಷಣಕಾಲ ದಿಟ್ಟಿಸುವನು. ಕೋಟಿ ಮಾಡುಗಳ ನೋಟಕ್ಕಿಂತ ಕಾಣದ ಒಂದು ಮಾಡು ಅವನಿಗೆ ಹತ್ತಿರ. ತನ್ನ ಮನೆಯನ್ನು ಚುಕ್ಕೆಯೆಂದು ಬಗೆಯಲು ಅವನ ಹೃದಯವು ಒಪ್ಪುವುದಿಲ್ಲ. ಹಾಗಿದ್ದರೆ ಕೆಳಗಿನ ಒಂದೊಂದು ಮಾಡೂ ಯಾರಿಗೋ ಹಾಗೆಯೇ ಇರುವುದೆಂಬ ಅರಿವಿಗೆ ಅವನು ಇನ್ನೊಂದು ಹೆಜ್ಜೆಯನ್ನು ಮಾತ್ರ ಇಡಬೇಕಾಗಿದೆ. ಆ ಹೆಜ್ಜೆಯನ್ನು ಇಟ್ಟವನಿಗೆ ಎತ್ತರವು ದೋಷವಾಗದು. ಪ್ರವಾಸಿಯಿಂದ ಸಲ್ಲಬೇಕಾದುದು ಇಷ್ಟೇ: ಚಿಕ್ಕದಾಗಿ ಕಂಡುದನ್ನು ಚಿಕ್ಕದೆಂದು ನಂಬದೆ ಇಳಿಯುವುದು.

ಇಳಿಯುವುದೂ ಒಂದು ವಿದ್ಯೆ. ಏರುವಾಗ ಇರುವ ಆತುರವು ಇಳಿಯುವಾಗ ಇರುವುದಿಲ್ಲ. ಆದುದರಿಂದ ಇಳಿಯುವುದನ್ನು ಯಾರೂ ಗಮನಿಸುವುದಿಲ್ಲ. ಎರಡನೆಯ ಅಂತಸ್ತಿನಿಂದ ಲಿಫ್ಟನ್ನು ಬಿಟ್ಟು ಮೆಟ್ಟಲುಗಳಲ್ಲಿ ಇಳಿದುಬರುವವನು ಒಂದು ಸೋಜಿಗವನ್ನು ನೋಡಬಹುದು. ನೂರು ಮೆಟ್ಟಲು ಇಳಿಯುವಷ್ಟರಲ್ಲಿ ಚುಕ್ಕೆಗಳಿಗೆ ಕೈಕಾಲು ಬರುವುವು; ಮುನ್ನೂರಕ್ಕೆ ಬಟ್ಟೆಯ ಬಣ್ಣವು ತಿಳಿಯುವುದು; ಅಲ್ಲೊಬ್ಬ ಮುದುಕಿಯು ಬಾಗಿಲ ಬಳಿ ಯಾರಿಗೋ ಕಾಯುತ್ತಿರುವುದು, ಇಲ್ಲೊಂದು ಮಗು ಹಟಹಿಡಿದು ನೆಲದ ಮೇಲೆ ಕುಳಿತಿರುವುದು ಕಾಣುವುದು. ಕಡೆಯ ಮೆಟ್ಟಲಿನಲ್ಲಿ ಎಲ್ಲರೂ ತಮ್ಮ ತಮ್ಮ ಅಳತೆಗೆ ಹಿಂದಿರುಗಿರುವರು. ಅವರೇನೂ ಬೆಳೆದಿಲ್ಲ, ನೋಡಿದವನು ಅವರ ಬಳಿಗೆ ಬಂದಿರುವನು.

೨೦೧೮ರಿಂದ ಗೋಪುರದ ಬುಡವನ್ನು ಗಾಜಿನ ಗೋಡೆಯೊಂದು ಬಳಸಿದೆ. ಅದರ ಹೊರಗೆ, ಹಾದಿಯ ಬದಿಯಲ್ಲಿ, ಅಂಗೈಯಗಲದ ಪುಟ್ಟ ಗೋಪುರಗಳನ್ನು ಬಟ್ಟೆಯ ಮೇಲೆ ಹರಡಿಕೊಂಡು ಮಾರುವವರು ನಿಂತಿರುವರು. ಬಹುಮಂದಿ ಬೇರೆ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದವರು, ಮಾರಾಟಕ್ಕೆ ಅನುಮತಿಯಿಲ್ಲದವರು. ಬಟ್ಟೆಯ ನಾಲ್ಕು ಮೂಲೆಗಳಿಗೂ ಹುರಿಯನ್ನು ಕಟ್ಟಿ ಕೈಯಲ್ಲಿ ಹಿಡಿದಿರುವರು. ಪೋಲೀಸಿನವರು ತಲೆದೋರಿದರೆ ಒಂದೇ ಎಳೆತಕ್ಕೆ ಅಂಗಡಿಯು ಗಂಟಾಗಿ ಹೆಗಲನ್ನೇರುವುದು. ಪ್ರವಾಸಿಯು ಅಲ್ಲಿ ನಿಂತು ಚೌಕಾಸಿಮಾಡುವನು. ಅವನ ದೃಷ್ಟಿಯು ಸರಕಿನ ಮೇಲಿರುವುದು. ಮಾರುವವನ ದೃಷ್ಟಿಯು ಅವನ ಭುಜದಾಚೆಗೆ ಬೀದಿಯ ತುದಿಯಲ್ಲಿರುವುದು. ಆ ಜಾಗದಲ್ಲಿ ನಿಜವಾದ ಕಾವಲುಗಾರನು ಅವನೊಬ್ಬನೇ. ಸ್ವಲ್ಪ ಹೊತ್ತಿನ ಮುಂಚೆ ಇಡೀ ನಗರವನ್ನು ನೋಡಿ ಬಂದವನಿಗೆ ಈಗ ಎರಡು ಅಡಿ ದೂರದಲ್ಲಿರುವ ಒಂದು ಮುಖವು ಕಂಡಿತೆ, ಕಾಣಲಿಲ್ಲವೆ? ಗೋಪುರದ ಮೇಲೆ ಅವನು ಏನು ನೋಡಿದನೆಂಬುದಕ್ಕೆ ಉತ್ತರವು ಇಲ್ಲಿಯೇ ದೊರೆಯುವುದು. ಕಂಡಿದ್ದರೆ ಬೆಲೆಯ ಮಾತನ್ನು ಒಂದಿಷ್ಟು ಮೆಲ್ಲಗೆ ಆಡುವನು, ಚಿಲ್ಲರೆಯನ್ನು ಎಣಿಸುವ ಮೊದಲು ಒಮ್ಮೆ ತಲೆಯೆತ್ತುವನು.